ದುಬೈ ಫ್ಲಾಟಿನ ಮುಂಗಡ: ಹಣ ಕಳಿಸುವ ಮೊದಲು ನಾನು ನೋಡಿದ್ದು

ದುಬೈಯಲ್ಲಿ ಕಟ್ಟುತ್ತಿದ್ದ ಫ್ಲಾಟೊಂದನ್ನು ತಮ್ಮ ನನಗಾಗಿ ನೋಡಿಟ್ಟಿದ್ದ. ಮುಂಗಡವನ್ನು ತನ್ನ ಕಂಪನಿಯ ಖಾತೆಗೆ ಹಾಕಿ ಎಂದು ಏಜೆಂಟ್ ಅವಸರ ಮಾಡಿದ. ಮಂಗಳೂರಲ್ಲೇ ನಗದು ಕೊಟ್ಟರೆ ಅಲ್ಲಿ ದಿರ್ಹಮ್ ಕೊಡಿಸುತ್ತೇನೆ ಎಂದೂ ಹೇಳಿದ. ಅದು ಹವಾಲಾ, ವಿದೇಶಿ ವಿನಿಮಯದ ಫೆಮಾ ಕಾನೂನಿಗೆ ವಿರುದ್ಧ. ಅಲ್ಲೇ ಬೇಡ ಎಂದೆ.

ಖಾತೆಯ ವಿಷಯ ಮಾತ್ರ ರಾತ್ರಿಯಿಡೀ ಕೊರೆಯಿತು. ಕದ್ರಿಯಲ್ಲಿರುವ ಪರಿಚಯದ ವಕೀಲರೊಬ್ಬರು ದಾರಿ ತೋರಿಸಿದರು. ದುಬೈಯಲ್ಲಿ 2007ರ 8ನೇ ಕಾನೂನಿನಂತೆ, ಕಟ್ಟುತ್ತಿರುವ ಯೋಜನೆಗೆ ಕೊಳ್ಳುವವರು ಕೊಡುವ ಹಣ ಆ ಯೋಜನೆಯದ್ದೇ ಎಸ್ಕ್ರೋ ಖಾತೆಗೆ, ಅಂದರೆ ಆ ಯೋಜನೆಯ ಕೆಲಸಕ್ಕಷ್ಟೇ ಬಳಸುವಂತೆ ಬ್ಯಾಂಕಿನಲ್ಲಿ ಪ್ರತ್ಯೇಕವಾಗಿಟ್ಟ ಖಾತೆಗೆ, ಹೋಗಬೇಕು. ಏಜೆಂಟನ ಖಾತೆಗೆ ಅಲ್ಲ. ನನ್ನ ತಮ್ಮ ದುಬೈ ಭೂ ಇಲಾಖೆಯ ಆ್ಯಪ್‌ನಲ್ಲಿ ಯೋಜನೆ ನೋಂದಣಿ ಆಗಿದೆಯಾ, ಎಸ್ಕ್ರೋ ಖಾತೆ ಯಾವುದು ಎಂದು ನೋಡಿದ. ಏಜೆಂಟ್ ಕೊಟ್ಟ ನಂಬರೇ ಬೇರೆ! ಅವನನ್ನು ಬಿಟ್ಟು ನೇರವಾಗಿ ಬಿಲ್ಡರ್ ಜೊತೆ ಮಾತಾಡಿದೆವು. ವಿದೇಶಿಯರಿಗೆ ಪೂರ್ತಿ ಒಡೆತನ ಸಿಗುವ ಜಾಗವೇ ಎಂದೂ ಖಚಿತ ಮಾಡಿಕೊಂಡೆವು. ಎಲ್ಲ ಕಡೆ ಸಿಗುವುದಿಲ್ಲ.

ಹಣ ನನ್ನ ಬ್ಯಾಂಕಿನಿಂದಲೇ ಹೋಯಿತು, ವಿದೇಶಕ್ಕೆ ಹಣ ಕಳಿಸಲು ಬೇಕಾದ ಎ2 ಫಾರ್ಮ್ ತುಂಬಿ. ಇಲ್ಲಿ ವಾಸವಿರುವವರು ವರ್ಷಕ್ಕೆ 2,50,000 ಡಾಲರ್‌ವರೆಗೆ ಕಳಿಸಬಹುದು. ದುಬೈ ಭೂ ಇಲಾಖೆಯ ನೋಂದಣಿ ಶುಲ್ಕ ಬೆಲೆಯ 4% ಬೇರೆ, ಅದನ್ನು ಮೊದಲೇ ಲೆಕ್ಕಕ್ಕೆ ಹಿಡಿಯಿರಿ.

ಇನ್ನೊಂದು ವಿಷಯ ಜಾಸ್ತಿ ಜನ ಮರೆಯುತ್ತಾರೆ. ಆದಾಯ ತೆರಿಗೆ ರಿಟರ್ನ್‌ನಲ್ಲಿ ವಿದೇಶಿ ಆಸ್ತಿಯ ಭಾಗವನ್ನು ತುಂಬಲೇಬೇಕು. ಬಿಟ್ಟರೆ 10 ಲಕ್ಷ ರೂಪಾಯಿ ದಂಡ ಬೀಳಬಹುದು. ಫ್ಲಾಟ್ ಈಗ ಭೂ ಇಲಾಖೆಯಲ್ಲಿ ನನ್ನ ಹೆಸರಿಗೆ ನೋಂದಣಿಯಾಗಿದೆ.