ಗುಲಾಬಿಯ ಫೋಟೊ, ಜೊತೆಗೊಂದು ರಾಗ

ಕಲಬುರಗಿಯಲ್ಲಿ ಗುಲಾಬಿ ನೋಡಬೇಕೆಂದರೆ ಡಿಸೆಂಬರ್, ಜನವರಿಯಲ್ಲೇ ನೋಡಬೇಕು. ಚಳಿಗೆ ಹೂವು ದೊಡ್ಡದಾಗಿ ಬರುತ್ತದೆ, ಬಣ್ಣ ಗಟ್ಟಿಯಾಗಿರುತ್ತದೆ. ಏಪ್ರಿಲ್ ಬಿಸಿಲಿಗೆ ದಳದ ಅಂಚು ಬೇಗ ಸುಟ್ಟು ಹೋಗುತ್ತದೆ. ಹಾಗಾಗಿ ಈ ಚಳಿಯಲ್ಲೇ ಒಂದಿಷ್ಟು ಫೋಟೊ ತೆಗೆದು, ಹಿಂದುಸ್ತಾನಿ ಸಂಗೀತ ಸೇರಿಸಿ, ಮೂರು ನಿಮಿಷದ ವಿಡಿಯೊ ಮಾಡಿ ನೋಡಿ.

ಮೊದಲು ಹೊತ್ತು ಆರಿಸಿಕೊಳ್ಳಿ. ಹಿಂದುಸ್ತಾನಿಯಲ್ಲಿ ಒಂದೊಂದು ರಾಗಕ್ಕೂ ಒಂದೊಂದು ಹೊತ್ತಿದೆ: ನಸುಕಿಗೆ ಭೈರವ್, ಬಿಸಿಲೇರಿದ ಮೇಲೆ ತೋಡಿ, ಮಧ್ಯಾಹ್ನ ಭೀಮ್‌ಪಲಾಸಿ, ಸಂಜೆಗೆ ಯಮನ್. ಹೂವಿನ ಬಣ್ಣ ನೋಡಿ ರಾಗ ಹುಡುಕುವವರು ಇದ್ದಾರೆ. ನನಗೆ ಅದು ಒಗ್ಗುವುದಿಲ್ಲ. ಹೂವಿನ ಮೇಲೆ ಯಾವ ಹೊತ್ತಿನ ಬೆಳಕು ಬಿದ್ದಿದೆಯೋ ಅದೇ ಹೊತ್ತಿನ ರಾಗ ಹಾಕಿ. ಇಬ್ಬನಿ ಹೊತ್ತ ಮೊಗ್ಗಿಗೆ ಯಮನ್ ಹಾಕಿದರೆ ಕಣ್ಣು ಒಂದು ಕಡೆ, ಕಿವಿ ಇನ್ನೊಂದು ಕಡೆ ಹೋಗುತ್ತದೆ.

ಬೆಳಗಿನ ಹೊತ್ತು ಆರಿಸಿಕೊಂಡರೆ ಏಳರಿಂದ ಎಂಟರ ಒಳಗೆ ಫೋಟೊ ಮುಗಿಸಿ. ಕಷ್ಟ ಕೊಡುವುದು ಕೆಂಪು ಗುಲಾಬಿ. ನೇರ ಬಿಸಿಲಲ್ಲಿ ತೆಗೆದರೆ ದಳದ ಗೆರೆ, ಮಡಿಕೆ ಎಲ್ಲ ಮಾಯವಾಗಿ ಕುಂಕುಮ ಮೆತ್ತಿದಂತೆ ಕಾಣುತ್ತದೆ. ಮೊಬೈಲ್ ಆದರೆ ಹೂವಿನ ಮೇಲೆ ಬೆರಳು ಒತ್ತಿ, ಬೆಳಕನ್ನು ಸ್ವಲ್ಪ ಕೆಳಗೆ ಎಳೆಯಿರಿ. ಗೋಡೆಯ ನೆರಳಿದ್ದರೆ ಇನ್ನೂ ಒಳ್ಳೆಯದು. ಕತ್ತಲೆ ಅನ್ನಿಸಿದ ಕಡೆ ಬಿಳಿ ಟವೆಲ್ ಹಿಡಿದರೆ ಸಾಕು. ತೀರಾ ಹತ್ತಿರ ಹೋಗಬೇಡಿ, ಫೋಕಸ್ ತಪ್ಪುತ್ತದೆ. ಒಂದು ಹೆಜ್ಜೆ ಹಿಂದೆ ನಿಂತು ಎರಡು ಪಟ್ಟು ಜೂಮ್ ಮಾಡಿ. ಹಿನ್ನೆಲೆಗೆ ನಮ್ಮ ಶಹಾಬಾದ್ ಕಲ್ಲಿನ ಬೂದುಬಣ್ಣಕ್ಕಿಂತ ಚೆಂದದ್ದು ನನಗೆ ಸಿಕ್ಕಿಲ್ಲ. ಮನೆಯಲ್ಲಿ ಗಿಡ ಇಲ್ಲದವರು ದರ್ಗಾದ ಹತ್ತಿರ ಸಿಗುವ ಬಿಡಿ ಗುಲಾಬಿಯನ್ನು ಆ ಕಲ್ಲಿನ ಮೇಲೇ ಇಟ್ಟು ತೆಗೆಯಬಹುದು.

ಅರಳಿದ ಹೂವು ಮಾತ್ರ ಸಾಲದು. ಮೊನ್ನೆ ನಮ್ಮ ಕುಂಡದ ಮೊಗ್ಗಿನಲ್ಲಿ ಒಂದೇ ಒಂದು ಹೊರದಳ ಬಿಚ್ಚಿಕೊಂಡಿತ್ತು. ಅದರ ಬುಡದಲ್ಲಿ ಒಂದು ಇಬ್ಬನಿ ಹನಿ. ಹನಿಯೊಳಗೆ ನಮ್ಮ ಕಾಂಪೌಂಡ್ ಗೋಡೆ ತಲೆಕೆಳಗಾಗಿ ಕಾಣುತ್ತಿತ್ತು! ಅದೇ ಮೊಗ್ಗನ್ನು ಮೂರು ದಿನ ಬೆಳಿಗ್ಗೆ, ಅದೇ ಜಾಗದಿಂದ ತೆಗೆದೆ.

ಆ ಫೋಟೊಗಳಿಗೆ ಕಿರಾನಾ ಘರಾಣೆಯ, ಅಂದರೆ ಆ ಹೆಸರಿನ ಗುರುಪರಂಪರೆಯ, ಗಾಯನ ಹೇಳಿ ಮಾಡಿಸಿದಂತಿದೆ. ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ ಇಬ್ಬರೂ ಇದೇ ಘರಾಣೆಯ ಗಾಯಕ ಸವಾಯಿ ಗಂಧರ್ವರ ಶಿಷ್ಯರು. ಒಂದೊಂದೇ ಸ್ವರ ಹಿಡಿದು ನಿಧಾನಕ್ಕೆ ರಾಗ ಬಿಚ್ಚುವುದು ಈ ಘರಾಣೆಯ ದಾರಿ. ಅದನ್ನು ಬಢತ್ ಅನ್ನುತ್ತಾರೆ. ಅಂದರೆ ಬೆಳೆಯುವುದು. ಮೊಗ್ಗು ಮಾಡುವುದೂ ಅದನ್ನೇ ಅಲ್ವಾ?

ಇನ್ನು ಜೋಡಿಸುವ ಕೆಲಸ. ಮೊದಲ ಒಂದು ನಿಮಿಷ ಆಲಾಪಕ್ಕೆ, ಅಂದರೆ ತಾಳವಿಲ್ಲದೆ ರಾಗ ಬಿಚ್ಚುವ ಭಾಗಕ್ಕೆ, ಬಿಡಿ. ಮೊಗ್ಗಿನ ಐದು ಫೋಟೊ, ಒಂದೊಂದು 12 ಸೆಕೆಂಡ್. ಇಲ್ಲಿ ತಬಲಾ ಇರುವುದಿಲ್ಲ, ಸ್ವರ ನೆಲೆ ನಿಂತಾಗ ಮೆಲ್ಲಗೆ ಬದಲಿಸಿ. ಆಮೇಲೆ ಅರಳಿದ ಹೂವು, ಅದಕ್ಕೆ ತೀನ್‌ತಾಳದ ಬಂದಿಶ್, ಅಂದರೆ ತಾಳಕ್ಕೆ ಕೂಡಿಸಿದ ಹಾಡು. ತೀನ್‌ತಾಳದ ಒಂದು ಸುತ್ತಿಗೆ, ಅಂದರೆ ಆವರ್ತನಕ್ಕೆ, 16 ಮಾತ್ರೆ (ತಾಳದ ಎಣಿಕೆ). ನಿಮಿಷಕ್ಕೆ 120 ಮಾತ್ರೆಯ ವೇಗ ಇದ್ದರೆ ಒಂದು ಆವರ್ತನ 8 ಸೆಕೆಂಡ್. ಪ್ರತಿ ಸಮ್‌ಗೆ, ಅಂದರೆ ಆವರ್ತನದ ಮೊದಲ ಮಾತ್ರೆಗೆ, ಫೋಟೊ ಬದಲಿಸಿದರೆ ಎರಡು ನಿಮಿಷಕ್ಕೆ 15 ಫೋಟೊ ಬೇಕು. ಆ್ಯಪ್ ತಾನಾಗಿ ಜೋಡಿಸುವುದನ್ನು ನಂಬಬೇಡಿ. ಹಾಡುತ್ತಾ ಲಯ ಸ್ವಲ್ಪ ಏರುತ್ತದೆ, ಅದನ್ನು ಕಿವಿಯೇ ಹಿಡಿಯಬೇಕು.

ಎಲ್ಲರಿಗೂ ಕಾಣುವಂತೆ ಹಾಕುವುದಾದರೆ ಹಕ್ಕಿನ ವಿಚಾರ ಬರುತ್ತದೆ. ನಮ್ಮಲ್ಲಿ ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮೇಲೆ 60 ವರ್ಷ ಇರುತ್ತದೆ. ಹಾಗಾಗಿ ದೊಡ್ಡವರ ರೆಕಾರ್ಡಿಂಗ್ ಬದಲು, ಓಣಿಯಲ್ಲಿ ಯಾರಾದರೂ ಕೊಳಲೋ ಹಾರ್ಮೋನಿಯಮ್ಮೋ ಕಲಿಯುತ್ತಿದ್ದರೆ ಅವರನ್ನೇ ಕೇಳಿ. ಫ್ಯಾನ್ ಆಫ್ ಮಾಡಿ, ಮೊಬೈಲನ್ನು ವಾದ್ಯದಿಂದ ಮೂರು ಅಡಿ ದೂರ ಇಟ್ಟು ರೆಕಾರ್ಡ್ ಮಾಡಿ. ಕೊನೆಯಲ್ಲಿ ಅವರ ಹೆಸರು ಹಾಕಲು ಮರೆಯಬೇಡಿ.