ಗಣಿ ಕಂಪನಿಯ ಟೆಸ್ಟ್, ಇಂಟರ್‌ವ್ಯೂ: ನಾನು ತಯಾರಿ ಮಾಡಿಕೊಂಡ ಬಗೆ

ದೊಡ್ಡ ಗಣಿ ಕಂಪನಿಗಳ ನೇಮಕಾತಿ ಹೆಚ್ಚುಕಡಿಮೆ ಒಂದೇ ಹಾದಿಯಲ್ಲಿ ನಡೆಯುತ್ತದೆ. ಅರ್ಜಿ, ಆನ್‌ಲೈನ್ ಆಪ್ಟಿಟ್ಯೂಡ್ ಟೆಸ್ಟ್, ರೆಕಾರ್ಡ್ ಮಾಡಿ ಕಳಿಸುವ ವಿಡಿಯೊ ಇಂಟರ್‌ವ್ಯೂ, ನಂತರ ಎದುರಾಬದುರು ಇಂಟರ್‌ವ್ಯೂ ಅಥವಾ ಗುಂಪು ಚಟುವಟಿಕೆ, ಕೊನೆಗೆ ಮೆಡಿಕಲ್. ಆಪರೇಟರ್, ಫಿಟ್ಟರ್ ಹುದ್ದೆಗಳಿಗೆ ಮೆಕ್ಯಾನಿಕಲ್ ರೀಸನಿಂಗ್ ಸೇರುತ್ತದೆ, ಎಂಜಿನಿಯರ್ ಮತ್ತು ಜಿಯಾಲಜಿಸ್ಟ್‌ಗಳಿಗೆ ಕೇಸ್ ಸ್ಟಡಿ.

ರೈಲು ಸೇತುವೆ ದಾಟುವ, ತೊಟ್ಟಿಗೆ ನೀರು ತುಂಬುವ ಲೆಕ್ಕಗಳ ಪುಸ್ತಕವನ್ನು ನಾನು ಬೇಗನೆ ಬದಿಗಿಟ್ಟೆ. ಅದರ ಬದಲು ಗಣಿಯದೇ ಅಂಕಿಗಳನ್ನು ಇಟ್ಟುಕೊಂಡು ಲೆಕ್ಕ ಮಾಡಿದೆ. ಕಂಪನಿಯ ವಾರ್ಷಿಕ ವರದಿ, ಮೂರು ತಿಂಗಳಿಗೊಮ್ಮೆ ಹೊರಬರುವ ಉತ್ಪಾದನಾ ವರದಿ ಎರಡರಲ್ಲೂ ಬೇಕಾದಷ್ಟು ಕೋಷ್ಟಕಗಳಿರುತ್ತವೆ. ಒಂದು ಕೋಷ್ಟಕ ತೆಗೆದು, ಅದರ ಮೇಲೆ ನಾಲ್ಕು ಪ್ರಶ್ನೆ ನಾನೇ ಬರೆದುಕೊಂಡು, ಪ್ರಶ್ನೆಗೆ ಒಂದೂವರೆ ನಿಮಿಷದಂತೆ ಗಡಿಯಾರ ಇಟ್ಟು ಬಿಡಿಸುವುದು. ಇದರಲ್ಲಿ ಎರಡು ಲಾಭ. ಟೆಸ್ಟಿಗೆ ಕೈ ಕುದುರುತ್ತದೆ, ಇಂಟರ್‌ವ್ಯೂ ಹೊತ್ತಿಗೆ ಕಂಪನಿಯ ಅಂಕಿಗಳು ಬಾಯಿಗೆ ಬಂದಿರುತ್ತವೆ.

ನ್ಯೂಮರಿಕಲ್ ಟೆಸ್ಟಿನಲ್ಲಿ ಗಣಿತ ಹೈಸ್ಕೂಲಿನದೇ. ಎಡವುವುದು ಓದುವಲ್ಲಿ. ಆಯ್ಕೆಗಳನ್ನು ಜೋಡಿಸುವವರು ನಾವು ಯಾವ ತಪ್ಪು ಮಾಡುತ್ತೇವೆಂದು ಮೊದಲೇ ಊಹಿಸಿ, ಆ ತಪ್ಪಿನ ಉತ್ತರವನ್ನೂ ನಾಲ್ಕರಲ್ಲಿ ಒಂದಾಗಿ ಇಟ್ಟಿರುತ್ತಾರೆ. 62% ಕಬ್ಬಿಣಾಂಶದ 6,000 ಟನ್ ಅದಿರಿಗೆ 57% ಇರುವ 4,000 ಟನ್ ಬೆರೆಸಿದರೆ ಸರಾಸರಿ ಗ್ರೇಡ್ (ಅದಿರಿನಲ್ಲಿರುವ ಲೋಹದ ಪಾಲು) ಎಷ್ಟು? ಅವಸರದಲ್ಲಿ ಎರಡನ್ನೂ ಕೂಡಿಸಿ ಅರ್ಧ ಮಾಡಿದರೆ 59.5 ಬರುತ್ತದೆ, ಆ ಉತ್ತರ ಆಯ್ಕೆಯಲ್ಲಿ ಇದ್ದೇ ಇರುತ್ತದೆ. ಟನ್ನಿನ ತೂಕ ಕೊಟ್ಟು ಲೆಕ್ಕ ಹಾಕಿದರೆ ಸರಿಯುತ್ತರ 60%. ಹಾಗೆಯೇ ತಾಮ್ರದ ಗ್ರೇಡ್ 1.2% ಇದ್ದದ್ದು 1.5% ಆದರೆ ಏರಿಕೆ 0.3 ಶೇಕಡಾ ಅಂಶ, ಶೇಕಡಾವಾರು ಏರಿಕೆ 25. ಪ್ರಶ್ನೆ ಯಾವುದನ್ನು ಕೇಳಿದೆ ಎಂಬುದನ್ನು ಎರಡು ಸಲ ಓದಬೇಕು.

ಸ್ಟ್ರಿಪ್ ರೇಶಿಯೋ, ಅಂದರೆ ಒಂದು ಟನ್ ಅದಿರಿಗೆ ಎಷ್ಟು ಟನ್ ತ್ಯಾಜ್ಯ ತೆಗೆಯಬೇಕೆಂಬ ಅನುಪಾತ, ಕೂಡ ಹೀಗೇ. 12,40,000 ಟನ್ ಅದಿರಿಗೆ 31,00,000 ಟನ್ ತ್ಯಾಜ್ಯ ತೆಗೆದರೆ ಅನುಪಾತ 2.5. ಮುಂದಿನ ಅವಧಿಯಲ್ಲಿ ಅದಿರು 5% ಏರಿ ತ್ಯಾಜ್ಯ 8% ಇಳಿದರೆ ಅನುಪಾತ 13% ಇಳಿಯುತ್ತದೆ ಎಂದು ಕೂಡಿಸಿಬಿಡುವುದು ಸುಲಭ. ನಿಜದಲ್ಲಿ 28,52,000 ಭಾಗಿಸು 13,02,000, ಅಂದರೆ 2.19, ಇಳಿಕೆ ಸುಮಾರು 12.4%. ಆಯ್ಕೆಗಳು ಹತ್ತಿರ ಹತ್ತಿರ ಇದ್ದಾಗ ಇಷ್ಟು ವ್ಯತ್ಯಾಸ ಸಾಕು. ಕೋಷ್ಟಕದ ತಲೆಸಾಲಿನಲ್ಲಿ ‘ಸಾವಿರ ಟನ್’ ಇದೆಯೋ ‘ಮಿಲಿಯನ್ ಟನ್’ ಇದೆಯೋ, ತೇವ ಸೇರಿದ ತೂಕವೋ ಒಣ ತೂಕವೋ ಎಂಬುದನ್ನು ಪ್ರಶ್ನೆಗಿಂತ ಮೊದಲು ನೋಡುವ ಅಭ್ಯಾಸ ಮಾಡಿಕೊಂಡೆ. 8% ತೇವಾಂಶದ 100 ಟನ್ ಎಂದರೆ 92 ಒಣ ಟನ್. ಗ್ರೇಡ್ ಲೆಕ್ಕ ನಡೆಯುವುದು ಒಣ ತೂಕದ ಮೇಲೆ.

ವರ್ಬಲ್ ಟೆಸ್ಟಿನಲ್ಲಿ ಒಂದು ಪ್ಯಾರಾ, ಅದರ ಮೇಲೊಂದು ಹೇಳಿಕೆ ಕೊಟ್ಟು ‘ಸರಿ, ತಪ್ಪು, ಹೇಳಲಾಗದು’ ಎಂಬ ಮೂರು ಆಯ್ಕೆ. ಗಣಿಯ ಬಗ್ಗೆ ತಿಳಿದವರಿಗೇ ಇಲ್ಲಿ ಹೆಚ್ಚು ಪೆಟ್ಟು ಬೀಳುವುದು, ಏಕೆಂದರೆ ತಮಗೆ ಗೊತ್ತಿರುವುದನ್ನು ಪ್ಯಾರಾಕ್ಕೆ ಸೇರಿಸಿ ಓದುತ್ತಾರೆ. ‘ಕಳೆದ ವರ್ಷ ವರದಿಯಾದ ಅಪಘಾತಗಳಲ್ಲಿ ಹೆಚ್ಚಿನವು ರಾತ್ರಿ ಪಾಳಿಯಲ್ಲಿ ಆದವು’ ಎಂದು ಪ್ಯಾರಾದಲ್ಲಿದೆ. ‘ರಾತ್ರಿ ಪಾಳಿ ಹಗಲಿಗಿಂತ ಅಪಾಯಕಾರಿ’ ಎಂಬುದು ಹೇಳಿಕೆ. ಉತ್ತರ ‘ಹೇಳಲಾಗದು’. ಎರಡು ಪಾಳಿಗಳಲ್ಲಿ ಎಷ್ಟೆಷ್ಟು ಜನ, ಎಷ್ಟು ಗಂಟೆ ದುಡಿದರೆಂಬುದು ಅಲ್ಲಿಲ್ಲ. ಆಕೃತಿಗಳ ಸರಣಿಯ ಪ್ರಶ್ನೆಗಳ ಬಗ್ಗೆ ಹೇಳುವುದು ಕಡಿಮೆ: ಎಣಿಕೆ, ತಿರುಗುವ ದಿಕ್ಕು, ಬಣ್ಣ, ಸ್ಥಾನ ಈ ನಾಲ್ಕನ್ನು ಒಂದಾದ ಮೇಲೊಂದು ಪರೀಕ್ಷಿಸಿ, ಸಿಗದಿದ್ದರೆ ಮುಂದಕ್ಕೆ ಹೋಗುವುದು.

ಮೆಕ್ಯಾನಿಕಲ್ ರೀಸನಿಂಗ್‌ಗೆ ಕೆಲವೇ ಸೂತ್ರಗಳು ಸಾಕು. ಒಂದಕ್ಕೊಂದು ಕಚ್ಚಿದ ಗೇರುಗಳು ಎದುರು ದಿಕ್ಕಿನಲ್ಲಿ ತಿರುಗುತ್ತವೆ. 20 ಹಲ್ಲಿನ ಗೇರು 60 ಹಲ್ಲಿನದನ್ನು ತಿರುಗಿಸಿದರೆ ವೇಗ ಮೂರನೇ ಒಂದು, ಟಾರ್ಕ್ (ತಿರುಗಿಸುವ ಬಲ) ಮೂರು ಪಟ್ಟು. ರಾಟೆಯಲ್ಲಿ ಭಾರವನ್ನು ಹೊತ್ತ ಹಗ್ಗದ ಎಳೆಗಳನ್ನು ಮಾತ್ರ ಎಣಿಸಬೇಕು. ಹೈಡ್ರಾಲಿಕ್ ಸಿಲಿಂಡರಿನ ವ್ಯಾಸ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟು, ಇದನ್ನು ಎರಡು ಪಟ್ಟು ಎಂದು ಗುರುತು ಹಾಕುವವರೇ ಬಹಳ.

ನಾನು ಹೆಚ್ಚು ಹೊತ್ತು ಕೊಟ್ಟದ್ದು ಸಿಚುಯೇಶನಲ್ ಜಡ್ಜ್‌ಮೆಂಟ್ ಟೆಸ್ಟಿಗೆ, ಅಂದರೆ ಒಂದು ಸಂದರ್ಭ ಕೊಟ್ಟು ಏನು ಮಾಡುತ್ತೀರಿ ಎಂದು ಕೇಳುವ ಟೆಸ್ಟಿಗೆ. ಸಾಮಾನ್ಯ ಜ್ಞಾನ ಇದ್ದರೆ ಸಾಕು ಎಂದು ಇದನ್ನು ಉಡಾಫೆ ಮಾಡುವವರಿದ್ದಾರೆ. ಒಂದು ಉದಾಹರಣೆ. ಪಾಳಿ ಮುಗಿಯಲು ಅರ್ಧ ಗಂಟೆ ಇದೆ, ಓಡುತ್ತಿರುವ ಕನ್ವೇಯರ್ ಬೆಲ್ಟಿನ ಗಾರ್ಡ್ (ರಕ್ಷಣಾ ಕವಚ) ಸಡಿಲವಾಗಿದೆ, ಬೋಲ್ಟ್ ಒಂದು ಕಾಣುತ್ತಿಲ್ಲ. ಆಯ್ಕೆಗಳು: ಮುಂದಿನ ಪಾಳಿಯವರ ಪುಸ್ತಕದಲ್ಲಿ ಬರೆದಿಡುವುದು, ಸ್ಪ್ಯಾನರ್ ತಂದು ನೀವೇ ಬಿಗಿಮಾಡುವುದು, ಪುಲ್ ಕಾರ್ಡ್ (ತುರ್ತಾಗಿ ನಿಲ್ಲಿಸುವ ಹಗ್ಗ) ಎಳೆದು ಬೆಲ್ಟ್ ನಿಲ್ಲಿಸಿ ಸೂಪರ್‌ವೈಸರ್‌ಗೆ ತಿಳಿಸುವುದು, ಎಚ್ಚರಿಕೆಯ ಟೇಪ್ ಕಟ್ಟಿ ಅಕ್ಕಪಕ್ಕದವರಿಗೆ ಹೇಳುವುದು. ಅತ್ಯುತ್ತಮ ಯಾವುದೆಂದು ಯಾರಾದರೂ ಹೇಳುತ್ತಾರೆ. ಅಂಕ ಹೋಗುವುದು ‘ಅತಿ ಕೆಟ್ಟದ್ದು’ ಯಾವುದೆಂಬಲ್ಲಿ. ಬರೆದಿಟ್ಟು ಹೋಗುವುದು ಸೋಮಾರಿತನದಂತೆ ಕಾಣುವುದರಿಂದ ಕೈ ಅಲ್ಲಿಗೆ ಹೋಗುತ್ತದೆ. ಆದರೆ ಓಡುವ ಬೆಲ್ಟಿನ ಪಕ್ಕ ಸ್ಪ್ಯಾನರ್ ಹಿಡಿದು ಕೈಹಾಕುವುದು ಅದಕ್ಕಿಂತ ಕೆಟ್ಟದ್ದು; ಅಲ್ಲಿ ಈಗಲೇ ಕೈ ಹೋಗಬಹುದು. ಒಳ್ಳೆಯ ಮನಸ್ಸಿನಿಂದ ಮಾಡಿದ ಅಪಾಯದ ಕೆಲಸವನ್ನು ಗಣಿಯಲ್ಲಿ ಯಾರೂ ಮೆಚ್ಚುವುದಿಲ್ಲ.

ಹಾಗೆಂದು ಪ್ರತಿಯೊಂದಕ್ಕೂ ‘ಕೆಲಸ ನಿಲ್ಲಿಸಿ’ ಎಂದು ಗುರುತು ಹಾಕಿದರೂ ಅಂಕ ಬರುವುದಿಲ್ಲ. ಸಹೋದ್ಯೋಗಿ ವರದಿ ತಡಮಾಡಿದರೆ ಮೊದಲು ಅವರೊಂದಿಗೇ ಮಾತಾಡಬೇಕು, ನೇರವಾಗಿ ಮ್ಯಾನೇಜರ್ ಬಾಗಿಲು ತಟ್ಟುವುದಲ್ಲ. ನಾನು ಇಟ್ಟುಕೊಂಡ ಕ್ರಮ ಇದು: ಪ್ರಾಣಾಪಾಯ ಇದೆಯೇ? ಇದ್ದರೆ ನಿಲ್ಲಿಸು, ತಿಳಿಸು. ಇಲ್ಲದಿದ್ದರೆ ವಿಷಯಕ್ಕೆ ಅತಿ ಹತ್ತಿರದ ವ್ಯಕ್ತಿಯಿಂದ ಆರಂಭಿಸು. ವ್ಯಕ್ತಿತ್ವದ ಪ್ರಶ್ನಾವಳಿಗೆ ತಯಾರಿ ಬೇಡ; ಒಂದೇ ಪ್ರಶ್ನೆ ಬೇರೆ ಮಾತಿನಲ್ಲಿ ಮತ್ತೆ ಬರುತ್ತದೆ, ವೇಷ ಹಾಕಿದವರ ಉತ್ತರಗಳು ತಾಳೆಯಾಗುವುದಿಲ್ಲ.

ವಿಡಿಯೊ ಇಂಟರ್‌ವ್ಯೂನಲ್ಲಿ ಎದುರಿಗೆ ಯಾರೂ ಇರುವುದಿಲ್ಲ. ಯೋಚಿಸಲು ಅರ್ಧ ನಿಮಿಷದಷ್ಟು, ಉತ್ತರಿಸಲು ಎರಡು ನಿಮಿಷದಷ್ಟು ಸಮಯ ಸಿಗುತ್ತದೆ. ಹಿನ್ನೆಲೆ ಹೇಳುವುದರಲ್ಲೇ ಒಂದು ನಿಮಿಷ ಮುಗಿಯುವುದು ಇಲ್ಲಿನ ಮುಖ್ಯ ತೊಂದರೆ. ಸಂದರ್ಭಕ್ಕೆ ಎರಡು ವಾಕ್ಯ, ನಿಮ್ಮ ಹೊಣೆಗೆ ಒಂದು, ನೀವು ಮಾಡಿದ ಕೆಲಸಕ್ಕೆ ಅರ್ಧಕ್ಕಿಂತ ಹೆಚ್ಚು ಸಮಯ, ಫಲಿತಾಂಶಕ್ಕೆ ಒಂದು ಅಂಕಿ. ಬರೆದದ್ದನ್ನು ಓದಿದರೆ ಕಣ್ಣು ಪಕ್ಕಕ್ಕೆ ಸರಿಯುವುದು ಕ್ಯಾಮೆರಾದಲ್ಲಿ ಚೆನ್ನಾಗಿ ಕಾಣುತ್ತದೆ. ಆದ್ದರಿಂದ ನಾಲ್ಕು ಪದ ಮಾತ್ರ ಬರೆದು ಲೆನ್ಸ್ ಪಕ್ಕದಲ್ಲೇ ಅಂಟಿಸಿಕೊಳ್ಳುತ್ತಿದ್ದೆ.

ಎದುರಾಬದುರು ಇಂಟರ್‌ವ್ಯೂನಲ್ಲಿ ಸುರಕ್ಷತೆಯ ಪ್ರಶ್ನೆ ಬಂದೇ ಬರುತ್ತದೆ. ‘ಸುರಕ್ಷತೆಯೇ ಮೊದಲು’ ಎಂಬ ಫಲಕದ ಮಾತಿಗೆ ಅಲ್ಲಿ ಬೆಲೆಯಿಲ್ಲ. ಅಪಾಯ ನಿಯಂತ್ರಣದ ಐದು ಮೆಟ್ಟಿಲುಗಳು ಕ್ರಮವಾಗಿ ಬರಬೇಕು: ಅಪಾಯವನ್ನೇ ತೆಗೆದುಹಾಕು, ಬದಲಿ ತಾ, ಎಂಜಿನಿಯರಿಂಗ್ ತಡೆ ಹಾಕು, ನಿಯಮ ಮತ್ತು ತರಬೇತಿ, ಎಲ್ಲದರ ಕೊನೆಗೆ ಹೆಲ್ಮೆಟ್ಟು ಗ್ಲೌಸು. ಡಂಪರ್‌ಗಳೂ ಜೀಪುಗಳೂ ಒಂದೇ ರಸ್ತೆಯಲ್ಲಿ ಓಡುವುದನ್ನು ಹೇಗೆ ನಿಭಾಯಿಸುತ್ತೀರಿ ಎಂದು ಕೇಳಿದರೆ ಹೆಚ್ಚಿನವರು ಬಾವುಟ, ಮಿನುಗುವ ದೀಪ, ರೇಡಿಯೊದಿಂದ ಶುರುಮಾಡುತ್ತಾರೆ. ಅವು ನಾಲ್ಕನೇ ಮೆಟ್ಟಿಲಿನ ಆಸುಪಾಸಿನವು. ಮೊದಲು ಹೇಳಬೇಕಾದದ್ದು ಸಣ್ಣ ವಾಹನಕ್ಕೆ ಪ್ರತ್ಯೇಕ ರಸ್ತೆ. ಆಮೇಲೆ ನಡುವೆ ಮತ್ತು ಅಂಚಿನಲ್ಲಿ ಮಣ್ಣಿನ ಬರ್ಮ್, ಅಂದರೆ ಒಡ್ಡು. ಅಂಚಿನ ಬರ್ಮ್ ಕನಿಷ್ಠ ಆ ರಸ್ತೆಯ ಅತಿ ದೊಡ್ಡ ವಾಹನದ ಚಕ್ರದ ಅರ್ಧದಷ್ಟು ಎತ್ತರ ಇರಬೇಕು ಎಂದು ಸೇರಿಸಿದರೆ, ಕೇಳುವವರು ಮುಂದಿನ ಪ್ರಶ್ನೆಯನ್ನು ಬೇರೆ ದನಿಯಲ್ಲಿ ಕೇಳುತ್ತಾರೆ.

ಮೆಂಟೆನೆನ್ಸ್ ಹುದ್ದೆಯಾದರೆ ಐಸೊಲೇಶನ್ ಹಂತಗಳನ್ನು, ಅಂದರೆ ರಿಪೇರಿಗೆ ಮೊದಲು ಯಂತ್ರವನ್ನು ಶಕ್ತಿಯಿಂದ ಬೇರ್ಪಡಿಸುವ ಕ್ರಮವನ್ನು ಕೇಳುತ್ತಾರೆ. ಯಂತ್ರಕ್ಕೆ ಬರುವ ಎಲ್ಲ ಶಕ್ತಿಮೂಲಗಳನ್ನು ಗುರುತಿಸುವುದು, ಸಂಬಂಧಪಟ್ಟವರಿಗೆ ತಿಳಿಸಿ ಯಂತ್ರ ನಿಲ್ಲಿಸುವುದು, ಪ್ರತಿ ಮೂಲವನ್ನೂ ಬೇರ್ಪಡಿಸುವುದು, ಸ್ವಂತ ಬೀಗ ಮತ್ತು ಟ್ಯಾಗ್ ಹಾಕುವುದು, ಒಳಗೆ ಉಳಿದ ಶಕ್ತಿ ಇಳಿಸುವುದು, ಸ್ಟಾರ್ಟ್ ಮಾಡಿ ನೋಡಿ ಸತ್ತಿದೆಯೆಂದು ಖಚಿತಪಡಿಸಿಕೊಳ್ಳುವುದು. ಬಿಟ್ಟುಹೋಗುವುದು ಕೊನೆಯ ಎರಡು. ಅಕ್ಯುಮುಲೇಟರ್‌ನಲ್ಲಿ (ಒತ್ತಡ ಕೂಡಿಡುವ ಪಾತ್ರೆ) ಉಳಿದ ಹೈಡ್ರಾಲಿಕ್ ಒತ್ತಡ, ಎತ್ತಿ ನಿಲ್ಲಿಸಿದ ಡಂಪ್ ಬಾಡಿ, ಬಿಗಿದ ಬೆಲ್ಟಿನ ಎಳೆತ ಇವೆಲ್ಲ ಸ್ವಿಚ್ ಆರಿಸಿದರೂ ಹಾಗೇ ಇರುತ್ತವೆ.

ಕೇಸ್ ಸ್ಟಡಿಯಲ್ಲಿ ಮೇಲಿಂದ ಮೇಲೆ ಕಾಣುವ ಬಲೆ ಡಂಪರ್‌ಗಳ ಸಂಖ್ಯೆಯದು. 180 ಟನ್ ಹೊರುವ ಡಂಪರ್ ಆರು ಇವೆ. ಲೋಡಿಂಗ್ 4 ನಿಮಿಷ ಸೇರಿ ಒಂದು ಸುತ್ತಿಗೆ 24 ನಿಮಿಷ. ಗಂಟೆಗೆ ಒಂದು ಡಂಪರ್ ಎರಡೂವರೆ ಸುತ್ತು, 450 ಟನ್, ಆರಕ್ಕೆ 2,700. ‘ಏಳನೆಯದನ್ನು ತಂದರೆ ಎಷ್ಟು ಹೆಚ್ಚುತ್ತದೆ?’ 450 ಎಂದರೆ ಕೆಟ್ಟಿತು. ಅವನ್ನು ತುಂಬುವ ಯಂತ್ರ, ಶವೆಲ್, ಇರುವುದು ಒಂದೇ; ಒಂದಕ್ಕೆ 4 ನಿಮಿಷದಂತೆ ಅದು ಗಂಟೆಗೆ 15 ಡಂಪರ್ ಮಾತ್ರ ತುಂಬಬಲ್ಲದು, ಅದೇ 2,700 ಟನ್ ಆಯಿತು. ಏಳನೆಯದು ಸಾಲಿನಲ್ಲಿ ನಿಂತು ಡೀಸೆಲ್ ಕುಡಿಯುತ್ತದೆ, ಅಷ್ಟೆ. ಇದಾದ ಮೇಲೆ ಗಂಟೆಗೆ 50 ನಿಮಿಷದ ನಿಜವಾದ ದುಡಿಮೆ ಹಿಡಿದರೆ 2,250 ಟನ್ ಎಂದು ನೀವಾಗಿಯೇ ಹೇಳಿದರೆ ಕಾಗದದ ಲೆಕ್ಕಕ್ಕೂ ನೆಲದ ಲೆಕ್ಕಕ್ಕೂ ಇರುವ ಅಂತರ ನಿಮಗೆ ಗೊತ್ತೆಂದು ಅವರಿಗೆ ತಿಳಿಯುತ್ತದೆ.

ಕಂಪನಿಯ ಬಗ್ಗೆ ಓದುವಾಗ ಸ್ಥಾಪನೆಯ ವರ್ಷ, ಅಧ್ಯಕ್ಷರ ಹೆಸರು ಬಾಯಿಪಾಠ ಮಾಡುವುದು ದಂಡ. ಸುರಕ್ಷತಾ ದರವನ್ನು (ಇಂತಿಷ್ಟು ದುಡಿಮೆ ಗಂಟೆಗೆ ಎಷ್ಟು ಅವಘಡ ಎಂಬ ಲೆಕ್ಕ) ನೋಡಿ, ಅದರ ಛೇದವನ್ನೂ ನೋಡಿ. ಕೆಲವರು 10 ಲಕ್ಷ ದುಡಿಮೆ ಗಂಟೆಗೆ ಲೆಕ್ಕ ಕೊಡುತ್ತಾರೆ, ಕೆಲವರು 2 ಲಕ್ಷ ಗಂಟೆಗೆ. 2 ಲಕ್ಷದವರ 0.4, 10 ಲಕ್ಷದವರ 2.0ಕ್ಕೆ ಸಮ. ಎರಡು ಕಂಪನಿಗಳನ್ನು ಹೋಲಿಸುವ ಮುನ್ನ ಇದನ್ನು ಸರಿಮಾಡಿಕೊಳ್ಳಬೇಕು. ಟೇಲಿಂಗ್ಸ್ (ಅದಿರು ಸಂಸ್ಕರಿಸಿದ ಮೇಲೆ ಉಳಿಯುವ ಕೆಸರು ತ್ಯಾಜ್ಯ) ತಡೆದಿಡುವ ಅಣೆಕಟ್ಟಿನ ಬಗ್ಗೆಯೂ ಒಂದಿಷ್ಟು ತಿಳಿದಿರಲಿ. ಬ್ರೆಜಿಲ್‌ನ ಬ್ರುಮಾಡಿನ್ಯೊದಲ್ಲಿ 2019ರ ಜನವರಿ 25ರಂದು ಅಣೆಕಟ್ಟು ಒಡೆದು 270 ಮಂದಿ ಸತ್ತರು. ಅದರ ಬೆನ್ನಿಗೇ 2020ರ ಆಗಸ್ಟ್‌ನಲ್ಲಿ ಟೇಲಿಂಗ್ಸ್ ನಿರ್ವಹಣೆಯ ಜಾಗತಿಕ ಮಾನದಂಡ ಬಂತು. ಅದೇ ವರ್ಷ ಮೇ ತಿಂಗಳಲ್ಲಿ ಆಸ್ಟ್ರೇಲಿಯಾದ ಜೂಕನ್ ಗಾರ್ಜ್‌ನಲ್ಲಿ ಮೂಲನಿವಾಸಿಗಳ ಪುರಾತನ ಬಂಡೆಯಾಸರೆಗಳು ಗಣಿಸ್ಫೋಟಕ್ಕೆ ನಾಶವಾದವು. ಸ್ಥಳೀಯರೊಂದಿಗಿನ ಸಂಬಂಧದ ಪ್ರಶ್ನೆಗಳನ್ನು ಕಂಪನಿಗಳು ಈಗ ಒತ್ತಿ ಕೇಳುವುದರ ಹಿಂದೆ ಇಂಥ ಘಟನೆಗಳಿವೆ.

ಗುಂಪು ಚಟುವಟಿಕೆಯಲ್ಲಿ ಹೆಚ್ಚು ಮಾತಾಡಿದವರು ಗೆಲ್ಲುವುದಿಲ್ಲ. ಗಡಿಯಾರ ನೋಡುವುದು, ಸುಮ್ಮನಿದ್ದವರನ್ನು ಕೇಳುವುದು, ಬೋರ್ಡಿನ ಮೇಲೆ ಲೆಕ್ಕ ತಪ್ಪಿದ್ದರೆ ನಯವಾಗಿ ತೋರಿಸುವುದು, ಇಷ್ಟನ್ನು ಮಾಡಿದರೆ ಗಮನಿಸುವವರ ಹಾಳೆಯಲ್ಲಿ ಬರೆಯಲು ಏನಾದರೂ ಇರುತ್ತದೆ. ‘ನಿಮ್ಮ ಪ್ರಶ್ನೆ ಏನಾದರೂ ಇದೆಯೇ’ ಎಂದಾಗ ನಾನು ಕೇಳುತ್ತಿದ್ದುದು: ಈ ಹುದ್ದೆಯವರು ದಿನವೂ ಪರಿಶೀಲಿಸಬೇಕಾದ ಅತಿ ಮುಖ್ಯ ಸುರಕ್ಷಾ ತಡೆಗಳು ಯಾವುವು?

ಮೆಡಿಕಲ್ ಅನ್ನು ಬರೀ ಶಾಸ್ತ್ರ ಎಂದುಕೊಳ್ಳಬೇಡಿ. ಕಿವಿಯ ಪರೀಕ್ಷೆಗೆ ಮುನ್ನ 14ರಿಂದ 16 ಗಂಟೆ ಗದ್ದಲದಿಂದ ದೂರ ಇರಬೇಕು. ಹಿಂದಿನ ರಾತ್ರಿ ಹೆಡ್‌ಫೋನ್ ಹಾಕಿಕೊಂಡರೂ ಫಲಿತಾಂಶ ಕೆಡಬಹುದು. ಊದುವ ಪರೀಕ್ಷೆಯಲ್ಲಿ ಶ್ವಾಸ ಪೂರ್ತಿ ಎಳೆದು, ಒಮ್ಮೆಲೇ ರಭಸದಿಂದ ಬಿಟ್ಟು, ಕೊನೆಯವರೆಗೂ ಒತ್ತಬೇಕು. ಅರ್ಧಕ್ಕೆ ನಿಲ್ಲಿಸಿದರೆ ಮತ್ತೆ ಮಾಡಿಸುತ್ತಾರೆ. ಕನ್ನಡಕ ಮರೆಯದಿರಿ. ಕೆಮ್ಮಿನ ಸಿರಪ್, ಕೋಡೀನ್ ಇರುವ ನೋವಿನ ಮಾತ್ರೆ, ಗಸಗಸೆ ಹಾಕಿದ ತಿಂಡಿ ಇವು ಮಾದಕವಸ್ತು ಪರೀಕ್ಷೆಯ ಮೊದಲ ಹಂತದಲ್ಲಿ ಪಾಸಿಟಿವ್ ತೋರಿಸಬಹುದು. ತೆಗೆದುಕೊಳ್ಳುತ್ತಿರುವ ಔಷಧಿಗಳ ಪಟ್ಟಿಯನ್ನು ವೈದ್ಯರ ಚೀಟಿಯ ಸಮೇತ, ಸ್ಯಾಂಪಲ್ ಕೊಡುವ ಮೊದಲೇ ಕೈಗಿಡಿ. ಫಲಿತಾಂಶ ಬಂದ ಮೇಲೆ ಕೊಟ್ಟ ಪಟ್ಟಿ ಸಮಜಾಯಿಷಿಯಂತೆ ಕಾಣುತ್ತದೆ.