ತೆಂಗಿನ ಮರದಿಂದ ಇಳಿದ ಏರಿಯಲ್

“ನೆಲದ ಮೇಲೆ ವೈರು ಹಾಸಿದ್ರೆ ಏನು ಬರುತ್ತೆ ಕಣಯ್ಯಾ? ಏರಿಯಲ್ ಅನ್ನೋದು ಎತ್ತರದಲ್ಲಿರಬೇಕು.”

ದೂರದ ಶಾರ್ಟ್‌ವೇವ್ ಸ್ಟೇಷನ್ ಕೇಳೋಕೆ ತೋಟದ ನೆಲದ ಮೇಲೆ ವೈರಿನ ಲೂಪ್ ಹಾಸುತ್ತೇನೆ ಅಂದಾಗ ನನ್ನ ಹ್ಯಾಮ್ (ಹವ್ಯಾಸಿ ರೇಡಿಯೋ) ಗೆಳೆಯ ಫೋನಿನಲ್ಲಿ ಹೀಗಂದು ನಕ್ಕಿದ್ದ. ಬೆಂಗಳೂರಲ್ಲಿ ಅವನ ಮನೆ, ಮಹಡಿ ಮೇಲೆ 40 ಅಡಿ ಕಂಬ, 20 ವರ್ಷದ ಲೈಸೆನ್ಸು. ಅವನ ಮಾತು ತಳ್ಳಿಹಾಕೋಕೆ ಆಗ ನನಗೂ ಧೈರ್ಯ ಇರಲಿಲ್ಲ. ಕಳೆದ ಮಾಗಿಯಲ್ಲಿ ಅದೇ ಗೆಳೆಯ ತಿಪಟೂರು ಕಡೆಯ ನಮ್ಮ ತೋಟದ ಮನೆಗೆ ಬಂದ. ಜಗಲಿ ಮೇಲೆ ಹೆಡ್‌ಫೋನ್ ಹಾಕಿಕೊಂಡು ಕೂತವನು ಎರಡು ಗಂಟೆ ಏಳಲಿಲ್ಲ. ಲೂಪಿಗೂ ರೇಡಿಯೋಗೆ ಬರುವ ಕೇಬಲ್ಲಿಗೂ ನಡುವೆ, ರಿಂಗಿಗೆ ವೈರು ಸುತ್ತಿ ಮಾಡಿದ ಒಂದು ಚಿಕ್ಕ ಟ್ರಾನ್ಸ್‌ಫಾರ್ಮರ್ ಇದೆ. ಎದ್ದ ಮೇಲೆ ಕೇಳಿದ ಮೊದಲ ಪ್ರಶ್ನೆ, “ಟ್ರಾನ್ಸ್‌ಫಾರ್ಮರಿಗೆ ಎಷ್ಟು ಸುತ್ತು ಹಾಕಿದ್ದೀಯ?”

ಆ ಲೆಕ್ಕವನ್ನು ಅವನಿಗೂ ಹೇಳಲಿಲ್ಲ, ಇಲ್ಲೂ ಹೇಳುವುದಿಲ್ಲ. ಮಿಕ್ಕಿದ್ದೆಲ್ಲ ಬರೆಯುತ್ತೇನೆ. ಮೂರು ವರ್ಷ ಕೈಸುಟ್ಟುಕೊಂಡು ಕಲಿತದ್ದು ಇದು, ನಿಮ್ಮಲ್ಲಿ ಯಾರಿಗಾದರೂ ದುಡ್ಡು ಉಳಿದರೆ ಸಂತೋಷ.

ನನ್ನದು ಟೆಕ್ಸನ್ ಪಿಎಲ್-660, ಸೆಕೆಂಡ್ ಹ್ಯಾಂಡ್. ಸುಮಾರು 7,500 ಕೊಟ್ಟ ನೆನಪು. ರೇಡಿಯೋ ಬಂದ ವಾರವೇ ಎಲ್ಲರೂ ಮಾಡುವುದನ್ನೇ ಮಾಡಿದೆ. ಮನೆ ಮಾಳಿಗೆಯಿಂದ ಎದುರಿನ ತೆಂಗಿನ ಮರಕ್ಕೆ 30 ಮೀಟರ್ ಉದ್ದದ ವೈರು ಎಳೆದೆ. ಮರ ಹತ್ತಿದವನಿಗೆ 300 ರೂಪಾಯಿ, ರಾಟೆ, ಹಗ್ಗ, ಇನ್ಸುಲೇಟರ್ ಎಲ್ಲಾ ಸೇರಿ 1,200 ಆಯಿತು. ಸಿಗ್ನಲ್ ಕಡ್ಡಿಗಳು ಐದಕ್ಕೆ ಐದೂ ನಿಂತವು. ಆದರೆ ಐದೂ ಕಡ್ಡಿ ಬರೀ ಗೊರಗೊರ ಸದ್ದಿನದು. 49 ಮೀಟರ್ ಬ್ಯಾಂಡ್ (ಶಾರ್ಟ್‌ವೇವಿನ 6 ಮೆಗಾಹರ್ಟ್ಸ್ ಸುತ್ತಿನ ಜಾಗ) ತುಂಬಾ ಒಂದೇ ಬುರ್ ಸದ್ದು, ನಡುವೆ ಅಲ್ಲೊಂದು ಇಲ್ಲೊಂದು ಚೀನಾದ ಸ್ಟೇಷನ್. ಅದರ ಜೊತೆಗೆ ಬೆಂಗಳೂರಿನ ಆಕಾಶವಾಣಿಯ 500 ಕಿಲೋವ್ಯಾಟ್ ಟ್ರಾನ್ಸ್‌ಮಿಟರ್ ಶುರುವಾದರೆ ರೇಡಿಯೋ ಉಸಿರು ಕಟ್ಟಿದ ಹಾಗೆ ಆಡುತ್ತಿತ್ತು. ಬರಬಾರದ ಜಾಗದಲ್ಲೆಲ್ಲಾ ಅದೇ ಹಾಡು.

ನಾಲ್ಕು ತಿಂಗಳಿಗೆ ಒಂದು ಗರಿ ಮಟ್ಟೆ ಸಮೇತ ಬಿದ್ದು ವೈರು ತುಂಡಾಯಿತು. ಮತ್ತೆ ಕಟ್ಟಿಸಿದೆ. ಮಳೆಗಾಲದ ಗಾಳಿಗೆ ಮತ್ತೆ ಹೋಯಿತು.

ಆಮೇಲೆ ಹೊರದೇಶದಿಂದ ಒಂದು ಆಕ್ಟಿವ್ ವಿಪ್ (ಆಂಪ್ಲಿಫೈಯರ್ ಇರುವ ಚಿಕ್ಕ ಏರಿಯಲ್) ತರಿಸಿದೆ. 2,800 ರೂಪಾಯಿ, ಬರೋಕೆ ತಿಂಗಳೂವರೆ. ಅದು ಸಿಗ್ನಲ್ ಹಿಗ್ಗಿಸಿದಷ್ಟೇ ಗಲಾಟೆಯನ್ನೂ ಹಿಗ್ಗಿಸಿತು. ಬೇಲಿಯ ಮುಳ್ಳುತಂತಿಯನ್ನೇ ಏರಿಯಲ್ ಮಾಡಿ ನೋಡಿದೆ, ಆಕಾಶವಾಣಿ ಬಿಟ್ಟು ಬೇರೇನೂ ಬರಲಿಲ್ಲ. ಅಷ್ಟರಲ್ಲಿ ರೇಡಿಯೋ ಬಿಟ್ಟು 6,000 ರೂಪಾಯಿ ಹತ್ತಿರ ಕೈಬಿಟ್ಟಿತ್ತು. ಅಪ್ಪ ಒಂದೇ ಮಾತು ಹೇಳಿದರು, “ಮೊಬೈಲಲ್ಲೇ ಪ್ರಪಂಚದ ರೇಡಿಯೋ ಎಲ್ಲಾ ಬರುತ್ತಲ್ಲೋ. ಸುಮ್ನೆ ಯಾಕೆ ಒದ್ದಾಡ್ತೀಯ?”

ಅಪ್ಪ ಚಿಕ್ಕ ವಯಸ್ಸಲ್ಲಿ ವಾಲ್ವ್ ಸೆಟ್ಟಿನ ಮುಂದೆ ಕೂತು ರೇಡಿಯೋ ಸಿಲೋನ್ ಕೇಳಿದವರು. ಅಂಚೆ ಕಚೇರಿಯಲ್ಲಿ ರೇಡಿಯೋ ಲೈಸೆನ್ಸಿಗೆ ದುಡ್ಡು ಕಟ್ಟಿದವರು. ಅವರೇ ಹೀಗಂದಾಗ ಬೇಜಾರಾಯಿತು.

ಬುದ್ಧಿ ಬಂದದ್ದು ಒಂದು ರಾತ್ರಿ ಕರೆಂಟು ಹೋದಾಗ. ಊರಿನ ಟಿಸಿಯಲ್ಲಿ (ಕರೆಂಟಿನ ಟ್ರಾನ್ಸ್‌ಫಾರ್ಮರ್) ಫ್ಯೂಸು ಸುಟ್ಟು ಇಡೀ ಊರು ಕತ್ತಲು. ಎಂಟು ಗಂಟೆ ಸುಮಾರು. ರೇಡಿಯೋ ಬ್ಯಾಟರಿ ಮೇಲೆ ಓಡುತ್ತಿತ್ತು, ಮಾಳಿಗೆ ಮೇಲೆ ಉಳಿದಿದ್ದ ತುಂಡು ವೈರು 3 ಮೀಟರೋ 4 ಮೀಟರೋ ಇರಬೇಕು. ಬುರ್ ಸದ್ದು ಟಕ್ ಅಂತ ನಿಂತಿತು. ಡಯಲ್ ತಿರುಗಿಸಿದರೆ 5 ಕಿಲೋಹರ್ಟ್ಸಿಗೆ ಒಂದರ ಹಾಗೆ ಸ್ಟೇಷನ್ನುಗಳು. ಅರಬ್ಬಿ, ಬರ್ಮೀಸ್, ರಷ್ಯನ್, ಯಾವುದೋ ಪ್ರಾರ್ಥನೆ. ಅಷ್ಟು ಚಿಕ್ಕ ತುಂಡಿಗೆ! 10 ಗಂಟೆಗೆ ಕರೆಂಟು ಬಂತು, ಬ್ಯಾಂಡು ಮತ್ತೆ ಸತ್ತಿತು.

ಅಂದರೆ ಸಿಗ್ನಲ್ ಮೊದಲಿಂದಲೂ ಇತ್ತು. ನಾನು ಮೂರು ವರ್ಷ ಸಿಗ್ನಲ್ ಹೆಚ್ಚಿಸೋಕೆ ದುಡ್ಡು ಸುರಿದಿದ್ದೆ, ಗಲಾಟೆ ಇಳಿಸೋಕೆ ಒಂದು ರೂಪಾಯಿಯನ್ನೂ ಹಾಕಿರಲಿಲ್ಲ.

ಮಾರನೇ ದಿನ ಮೇನ್ ಆಫ್ ಮಾಡಿ ಒಂದೊಂದೇ ಎಂಸಿಬಿ ಎತ್ತುತ್ತಾ ಹೋದೆ. ನಮ್ಮ ಮನೆಯಲ್ಲೇ ಮೂರು ಕಳ್ಳರು ಸಿಕ್ಕರು. ಕೊಟ್ಟಿಗೆಯ ಅಗ್ಗದ ಎಲ್‌ಇಡಿ ಬಲ್ಬು, ಒಂದು ಮೊಬೈಲ್ ಚಾರ್ಜರ್, ಮತ್ತೆ ಕರೆಂಟಿರುವಾಗ ಚಾರ್ಜ್ ಆಗುತ್ತಿದ್ದ ಇನ್ವರ್ಟರ್. ಬಲ್ಬು, ಚಾರ್ಜರ್ ಬದಲಿಸಿದೆ. ಇನ್ವರ್ಟರ್ ಬದಲಿಸೋಕೆ ಆಗುತ್ತಾ? ಇಲ್ಲ. ಇನ್ನು ಅಕ್ಕಪಕ್ಕದ ಮನೆಗಳ ಬಲ್ಬುಗಳಿಗೆ ನಾನೇನು ಮಾಡಲಿ? ಆಗ ನೆಲದ ಲೂಪಿನ ಯೋಚನೆ ಬಂತು. ಇದು ನಾನು ಕಂಡುಹಿಡಿದದ್ದಲ್ಲ, ಹೊರದೇಶದ ಹ್ಯಾಮ್‌ಗಳು ಕೆಲವು ವರ್ಷದಿಂದ ಹಾಕುತ್ತಿದ್ದಾರೆ. 60 ಅಡಿ ವೈರು, 15 ಅಡಿಯ ಚೌಕ, ನೆಲದ ಮೇಲೆಯೇ. ಸಿಗ್ನಲ್ ತುಂಬಾ ಇಳಿಯುತ್ತದೆ, ಗಲಾಟೆ ಅದಕ್ಕಿಂತ ಜಾಸ್ತಿ ಇಳಿಯುತ್ತದೆ. ನಮಗೆ ಬೇಕಾದದ್ದು ಅಷ್ಟೇ ಅಲ್ವಾ.

ವೈರಿನ ವಿಷಯದಲ್ಲಿ ನನ್ನದೇ ಒಂದು ಹೆಮ್ಮೆ ಇದೆ. ಅಂಗಡಿ ವೈರು ತೆಗೆದುಕೊಳ್ಳಲಿಲ್ಲ. ಬೋರ್‌ವೆಲ್ ಮೋಟಾರ್ ವೈಂಡಿಂಗ್ ಮಾಡುವವರ ಹತ್ತಿರ ಹೋದೆ. ಸಬ್‌ಮರ್ಸಿಬಲ್ ಮೋಟಾರಿನ ವೈಂಡಿಂಗ್ ವೈರು ಪ್ಲಾಸ್ಟಿಕ್ ಸುತ್ತಿದ ಗಟ್ಟಿ ತಾಮ್ರ. ನೀರಿನಲ್ಲಿ ಮುಳುಗಿಯೇ ಕೆಲಸ ಮಾಡಬೇಕಾದ ವೈರು, ಇನ್ನು ಒದ್ದೆ ಮಣ್ಣು ಅದಕ್ಕೇನು ಲೆಕ್ಕ? ತೂಕದ ಮೇಲೆ ಕೊಡುತ್ತಾರೆ. 150 ಗ್ರಾಂ ಚಿಲ್ಲರೆ ತೂಗಿತು, 180 ರೂಪಾಯಿ. ಎರಡು ಮಳೆಗಾಲ ಕಳೆದಿದೆ, ಇನ್ನೂ ಹೊಸದರ ಹಾಗೇ ಇದೆ.

ಲೂಪಿನಿಂದ ಮನೆಗೆ ಎಳೆದ ಕೇಬಲ್ ಡಿಶ್ ಟಿವಿಯ ಆರ್‌ಜಿ-6, 30 ಮೀಟರಿಗೆ 500 ರೂಪಾಯಿ. ಅದರ ಹೊರಹೆಣಿಗೆ ಅಲ್ಯೂಮಿನಿಯಂ, ಬೆಸುಗೆ ಹಿಡಿಯುವುದಿಲ್ಲ. ಒದ್ದಾಡಬೇಡಿ, ಎಫ್ ಕನೆಕ್ಟರ್ ಹಾಕಿ ಮುಗಿಸಿ. 75 ಓಮ್ ಕೇಬಲ್ಲೋ 50 ಓಮ್ ಕೇಬಲ್ಲೋ ಅಂತ ತಲೆ ಕೆಡಿಸಿಕೊಳ್ಳುವ ಕೆಲಸ ಬರೀ ರೇಡಿಯೋ ಕೇಳುವವರಿಗೆ ಇಲ್ಲ.

ಮೊದಲ ರಾತ್ರಿ ಹಾಕಿದೆ. ಸೋತೆ. ಉದ್ದ ವೈರಿನ ಅದೇ ಬುರ್ ಸದ್ದು, ಸ್ವಲ್ಪ ಕಡಿಮೆ ಅಷ್ಟೇ. ಭಾವ ನೋಡಿಕೊಂಡು ನಿಂತಿದ್ದರು, “ನಿಮ್ಮ ಗೆಳೆಯ ಹೇಳಿದ್ದೇ ಸರಿ ಭಾವ” ಅಂದರು. ಮೂರು ದಿನ ಅದನ್ನು ಮುಟ್ಟಲಿಲ್ಲ.

ನಾಲ್ಕನೇ ದಿನ ಒಂದು ಪರೀಕ್ಷೆ ಮಾಡಿದೆ. ಲೂಪನ್ನು ಪೂರ್ತಿ ಬಿಚ್ಚಿ, ಬರೀ ಕೇಬಲ್ಲಿನ ಹೊರಹೆಣಿಗೆಯನ್ನು ಟ್ರಾನ್ಸ್‌ಫಾರ್ಮರಿನಲ್ಲಿ ಹಾಗೇ ಬಿಟ್ಟೆ. ಗಲಾಟೆ ಒಂದಿಷ್ಟೂ ಇಳಿಯಲಿಲ್ಲ! ಗಲಾಟೆ ಲೂಪಿನಿಂದ ಬರುತ್ತಲೇ ಇರಲಿಲ್ಲ, ಮನೆಯಿಂದ ಕೇಬಲ್ಲಿನ ಹೊರಮೈ ಹಿಡಿದು ತೋಟಕ್ಕೆ ಹೋಗಿ, ಟ್ರಾನ್ಸ್‌ಫಾರ್ಮರಿನಲ್ಲಿ ತಿರುಗಿ ಒಳಗೆ ಬರುತ್ತಿತ್ತು. ನಾನು ಹಾಕಿದ್ದು ಉದ್ದ ವೈರಿಗೆ ಮಾಡಿದ್ದ ಹಳೇ 9:1 ಟ್ರಾನ್ಸ್‌ಫಾರ್ಮರ್, ಎರಡೂ ಕಡೆಯ ನೆಲ ಒಂದೇ ತುದಿಗೆ ಸೇರಿದ್ದು. ಆ ಜೋಡಣೆಯೇ ಬಾಗಿಲು ತೆರೆದು ಕೊಟ್ಟಿತ್ತು.

ಎರಡು ಸುರುಳಿ ಬೇರೆಬೇರೆ ಇರಬೇಕು, ಒಂದಕ್ಕೊಂದು ತಾಕಬಾರದು. ಮಲ್ಟಿಮೀಟರ್ ಇಟ್ಟರೆ ಬೀಪ್ ಬರಬಾರದು. ಇಷ್ಟೇ ವಿಷಯ.

ಹೊಸ ಟ್ರಾನ್ಸ್‌ಫಾರ್ಮರಿನ ರಿಂಗಿಗೆ ಗುಜರಿಯಿಂದ ಹಳೇ ಕಂಪ್ಯೂಟರಿನ ಪವರ್ ಸಪ್ಲೈ ತಂದೆ, 30 ರೂಪಾಯಿ. ಅದರೊಳಗೆ ಹಳದಿ ಬಣ್ಣದ, ಒಂದು ಪಕ್ಕ ಬಿಳಿ ಇರುವ ರಿಂಗ್ ಕಣ್ಣಿಗೆ ಮೊದಲು ಬೀಳುತ್ತದೆ. ಅದಕ್ಕೆ ಸುತ್ತಿ ಒಂದು ಭಾನುವಾರ ಹಾಳು ಮಾಡಿಕೊಂಡೆ. ಅದು ಕಬ್ಬಿಣದ ಪುಡಿಯದು, ಈ ಕೆಲಸಕ್ಕೆ ಬರುವುದಿಲ್ಲ. 230 ವೋಲ್ಟ್ ಒಳಗೆ ಬರುವ ಜಾಗದಲ್ಲಿ, ಎರಡು ಸುರುಳಿ ಎದುರುಬದುರಾಗಿ ಇರುವ ಇನ್ನೊಂದು ರಿಂಗ್ ಇರುತ್ತದೆ. ಅದು ಫೆರೈಟ್ (ಪಿಂಗಾಣಿಯಂಥ ಕಾಂತೀಯ ವಸ್ತು), ನಮಗೆ ಬೇಕಾದದ್ದು. ಹಳೇ ಸುರುಳಿ ಬಿಚ್ಚಿ, ಒಂದು ಪಕ್ಕ ಲೂಪಿನದು, ಎದುರು ಪಕ್ಕ ಕೇಬಲ್ಲಿನದು ಸುತ್ತಿ. ಸುತ್ತಿನ ಲೆಕ್ಕ ಮಣ್ಣಿನ ಮೇಲೆ ಹೋಗುತ್ತದೆ. ನಮ್ಮ ಕೆಂಪು ಮಣ್ಣಿಗೆ ಹೊಂದಿದ್ದು ನಿಮ್ಮ ಎರೆ ಮಣ್ಣಿಗೆ ಹೊಂದಬೇಕಿಲ್ಲ. ಲೂಪಿನ ಕಡೆ ಮೂರಕ್ಕೆ ಕೇಬಲ್ಲಿನ ಕಡೆ ಒಂದು, ಅಂದರೆ 3:1ರ ಆಸುಪಾಸಿನಿಂದ ಶುರು ಮಾಡಿ, ಕಿವಿಯಲ್ಲಿ ಕೇಳಿಕೊಂಡು ಏರಿಸಿ, ಇಳಿಸಿ. ನನಗೆ ಏಳನೇ ಸಲಕ್ಕೆ ಸಿಕ್ಕಿತು.

ಕೇಬಲ್ ಮನೆಗೆ ಸೇರುವ ಮುಂಚೆ ಅದನ್ನೇ ಇನ್ನೊಂದು ದೊಡ್ಡ ಫೆರೈಟ್ ರಿಂಗಿಗೆ ಎಂಟೋ ಒಂಬತ್ತೋ ಸುತ್ತು ಹಾಕಿದೆ. ಅಲ್ಲೇ ಹೊರಹೆಣಿಗೆಯನ್ನು 3 ಅಡಿ ಜಿಐ ಪೈಪಿಗೆ ಅರ್ತ್ ಮಾಡಿದೆ. ಪೈಪು ಹೊಡೆದದ್ದು ಬಟ್ಟೆ ಒಗೆಯುವ ಕಲ್ಲಿನ ಪಕ್ಕ. ಆ ಜಾಗ ವರ್ಷವಿಡೀ ಒದ್ದೆ. ರೇಡಿಯೋ ಬ್ಯಾಟರಿ ಮೇಲೆಯೇ ಓಡಬೇಕು. ಚಾರ್ಜರ್ ಚುಚ್ಚಿದರೆ ಮಾಡಿದ್ದೆಲ್ಲಾ ನೀರುಪಾಲು.

ಆ ಸಂಜೆ ಆರೂಮುಕ್ಕಾಲಕ್ಕೆ ಹಚ್ಚಿದೆ. ಮೊದಲು ರೇಡಿಯೋ ಕೆಟ್ಟಿದೆ ಅಂದುಕೊಂಡೆ, ಅಷ್ಟು ನಿಶ್ಶಬ್ದ. ಸಿಗ್ನಲ್ ಕಡ್ಡಿ ಒಂದೋ ಎರಡೋ. ಮನೆಯಲ್ಲಿ ಟಿವಿ ಓಡುತ್ತಿದೆ, ಇನ್ವರ್ಟರ್ ಆನ್ ಇದೆ. 4905 ಕಿಲೋಹರ್ಟ್ಸಿಗೆ ಹೋದರೆ ಒಬ್ಬ ಹೆಂಗಸು ವಾರ್ತೆ ಓದುತ್ತಿದ್ದಾಳೆ, ಎದುರಿಗೆ ಕೂತು ಓದಿದ ಹಾಗೆ. ಲಾಸಾ. ಟಿಬೆಟಿನ ರೇಡಿಯೋ. ಪಕ್ಕದ 4920ರಲ್ಲೂ ಲಾಸಾ. ಉದ್ದ ವೈರಿನಲ್ಲಿ ಈ ಎರಡರ ಸುಳಿವೂ ಸಿಕ್ಕಿರಲಿಲ್ಲ. ಭಾವನ ಕಿವಿಗೆ ಹೆಡ್‌ಫೋನ್ ಹಾಕಿದೆ. ಅವರು ಬಾಗಿಲಾಚೆ ನೆಲದ ಮೇಲಿನ ವೈರನ್ನು ನೋಡಿದರು, ನನ್ನನ್ನು ನೋಡಿದರು, ಏನೂ ಹೇಳಲಿಲ್ಲ.

ಅದನ್ನು ಫೋನಿಗೆ ರೆಕಾರ್ಡ್ ಮಾಡಿಟ್ಟುಕೊಂಡಿದ್ದೆ. ಚಳಿಗಾಲದಲ್ಲಿ ಸ್ವೆಟರ್ ಮಾರೋಕೆ ಬೈಲಕುಪ್ಪೆಯಿಂದ ಟಿಬೆಟಿನವರು ಬರುತ್ತಾರಲ್ಲ, ಅವರಲ್ಲೊಬ್ಬ ಅಜ್ಜಿಗೆ ಕೇಳಿಸಿದೆ. ಫೋನನ್ನು ಎರಡೂ ಕೈಯಲ್ಲಿ ಹಿಡಿದು ಕಿವಿಗೆ ಒತ್ತಿಕೊಂಡರು. ಕನ್ನಡದಲ್ಲೇ, “ಇದು ಲಾಸಾ ಮಾತು. ನಮ್ಮಮ್ಮ ಹೀಗೇ ಮಾತಾಡ್ತಿದ್ರು” ಅಂದರು. ಇನ್ನೊಂದು ಸಲ ಹಾಕು ಅಂದರು. ಮೂರು ಸಲ ಹಾಕಿದೆ.

ಶಾರ್ಟ್‌ವೇವಲ್ಲಿ ಈಗ ಕೇಳೋಕೆ ಏನಿದೆ ಅಂತ ಕೇಳುವವರಿಗೆ ಇಷ್ಟು ಹೇಳಬಲ್ಲೆ. ಹೋದದ್ದು ಬಹಳ ಇದೆ, ನಿಜ. ರೇಡಿಯೋ ಆಸ್ಟ್ರೇಲಿಯಾ 2017ರ ಜನವರಿಯಲ್ಲಿ ಶಾರ್ಟ್‌ವೇವ್ ನಿಲ್ಲಿಸಿತು, ಬಿಬಿಸಿ ಹಿಂದಿ 2020ರ ಜನವರಿಯಲ್ಲಿ. ಆದರೆ 6676ಕ್ಕೆ ಹೋಗಿ. ವಿಮಾನಗಳಿಗೆ ಹವಾಮಾನ ಹೇಳುವ ವೋಲ್ಮೆಟ್ ಅದು. ಬ್ಯಾಂಕಾಕ್, ಕರಾಚಿ, ಸಿಂಗಾಪುರ, ಮುಂಬೈ ಒಂದೇ ಜಾಗದಲ್ಲಿ ಸರದಿ ಪ್ರಕಾರ ಓದುತ್ತವೆ. ನಾಲ್ಕೂ ಒಂದೇ ಅರ್ಧ ಗಂಟೆಯಲ್ಲಿ ಕೇಳಿದ ದಿನ ನಿಮ್ಮ ಏರಿಯಲ್ ಪಾಸಾದಂತೆ. 5 ಮೆಗಾಹರ್ಟ್ಸಿನಲ್ಲಿ ಸಮಯ ಸಾರುವ ಚೀನಾದ ಸ್ಟೇಷನ್ ಬಿಪಿಎಂ ಸೆಕೆಂಡಿಗೊಂದು ಟಿಕ್ ಹೊಡೆಯುತ್ತದೆ. ಬೆಳಗ್ಗೆ 7 ಮೆಗಾಹರ್ಟ್ಸಿನ ಹ್ಯಾಮ್‌ಗಳು ಎಲ್‌ಎಸ್‌ಬಿ ಎಂಬ ಮೋಡಿನಲ್ಲಿ ಮಾತಿಗೆ ಕೂತಿರುತ್ತಾರೆ, ನಡುನಡುವೆ ಕನ್ನಡವೂ ಕಿವಿಗೆ ಬೀಳುತ್ತದೆ.

ಇಂಟರ್ನೆಟ್ ಬೇಡ ಅನ್ನುವವನಲ್ಲ ನಾನು. ನೆದರ್‌ಲ್ಯಾಂಡ್ಸಿನ ಟ್ವೆಂಟೆ ವಿಶ್ವವಿದ್ಯಾಲಯದ ವೆಬ್ ರಿಸೀವರ್ (ಇಂಟರ್ನೆಟ್ಟಿನಲ್ಲಿ ಯಾರು ಬೇಕಾದರೂ ತಿರುಗಿಸಿ ಕೇಳಬಹುದಾದ ರೇಡಿಯೋ), ಅಂಥವೇ ಅಲ್ಲಲ್ಲಿನ ಕಿವಿ (KiwiSDR) ರಿಸೀವರ್‌ಗಳು ದಿನಾ ಬೇಕು. ನನ್ನಲ್ಲಿ ಒಂದು ಸ್ಟೇಷನ್ ಬರದಿದ್ದರೆ ಹತ್ತಿರದ ಕಿವಿ ರಿಸೀವರ್ ತೆರೆದು ನೋಡುತ್ತೇನೆ. ಅಲ್ಲೂ ಇಲ್ಲ ಅಂದರೆ ಸ್ಟೇಷನ್ ಮಲಗಿದೆ, ಅಲ್ಲಿದ್ದು ಇಲ್ಲಿಲ್ಲ ಅಂದರೆ ತಪ್ಪು ನನ್ನದು. ಮೊದಲೆಲ್ಲ ಇದು ಗೊತ್ತಾಗದೇ ವಾರಗಟ್ಟಲೆ ಏರಿಯಲ್ ಬಿಚ್ಚಿ ಕಟ್ಟುತ್ತಿದ್ದೆ.

ಕೆಲವು ಪಕ್ಕದ ಪ್ರಯೋಗಗಳನ್ನೂ ಹೇಳಿಬಿಡುತ್ತೇನೆ. ವೈರನ್ನು ಎರಡು ಇಂಚು ಹೂತು ನೋಡಿದೆ. ಸಿಗ್ನಲ್ ಇನ್ನಷ್ಟು ಇಳಿಯಿತು, ಆದರೂ ನಡೆಯಿತು. ಹೂತ ಜಾಗ ಮರೆತು ಟಿಲ್ಲರ್ ಹೊಡೆಸಿದ್ದರಿಂದ ಆರು ತುಂಡಾಯಿತು, ಮತ್ತೆ 180 ರೂಪಾಯಿ. ತೋಟಕ್ಕೆ ನೀರು ಹಾಯಿಸಿದ ರಾತ್ರಿ ಸಿಗ್ನಲ್ ಮಂಕು, ಎರಡು ದಿನಕ್ಕೆ ಸರಿಹೋಗುತ್ತದೆ. ಮೀಡಿಯಂ ವೇವಲ್ಲಿ 675ರ ಭದ್ರಾವತಿ, 765ರ ಧಾರವಾಡ ಹಗಲಲ್ಲೇ ಸ್ವಚ್ಛ.

ಒಂದು ತೊಂದರೆ ಮಾತ್ರ ಬಹಳ ಕಾಡಿತು. ಸೆಕೆಂಡಿಗೊಂದು ಟಪ್, ಟಪ್, ಟಪ್. ಬಿಪಿಎಂ ಅಲ್ಲ, ಎಲ್ಲಾ ಬ್ಯಾಂಡಲ್ಲೂ ಇದೆ. ಚಿಕ್ಕ ರೇಡಿಯೋ ಹಿಡಿದು ಹುಡುಕುತ್ತಾ ಹೋದರೆ ಪಕ್ಕದ ತೋಟದ ಸೋಲಾರ್ ಬೇಲಿ, ಹಂದಿ ಕಾಟಕ್ಕೆ ಹಾಕಿಸಿದ್ದು. ಹುಲ್ಲು ಬೆಳೆದು ತಂತಿಗೆ ತಾಗಿ, ಪ್ರತಿ ಏಟಿಗೂ ಅಲ್ಲಿ ಕಿಡಿ ಹಾರುತ್ತಿತ್ತು. ತೋಟದವರಿಗೆ ರೇಡಿಯೋ ಕಥೆ ಹೇಳಲಿಲ್ಲ. “ಬೇಲಿ ಕರೆಂಟು ಹುಲ್ಲಿಗೆ ಇಳಿದುಹೋಗ್ತಾ ಇದೆ, ಹಂದಿಗೆ ಹೊಡೆಯಲ್ಲ” ಅಂದೆ. ಅದೂ ನಿಜವೇ. ನಾನೇ ಮಚ್ಚು ಹಿಡಿದು ಒಂದು ಸಾಲು ಸವರಿಕೊಟ್ಟೆ. ಮುಕ್ಕಾಲು ಪಾಲು ಟಪ್ ಹೋಯಿತು.

ಒಟ್ಟು ಖರ್ಚು ಪೆಟ್ಟಿಗೆ, ಕನೆಕ್ಟರ್, ಪೈಪು ಎಲ್ಲಾ ಸೇರಿ 900 ದಾಟಲಿಲ್ಲ. ಬಿಸಾಡಿದ 6,000ದ ಮುಂದೆ ಅದು ಏನೂ ಅಲ್ಲ.

ಈ ಲೂಪಿನ ಮಿತಿ ಹತ್ತು ಮೆಗಾಹರ್ಟ್ಸ್. ಅದರ ಮೇಲೆ 25 ಮೀಟರ್, 19 ಮೀಟರ್ ಬ್ಯಾಂಡಲ್ಲಿ ಮೊಂಡಾಟ ಮಾಡುತ್ತದೆ. ಅದಕ್ಕೆ 9 ಮೀಟರ್ ವೈರಿನ ಚಿಕ್ಕ ಲೂಪ್ ಹಾಕಬೇಕು ಅಂತಿದ್ದೇನೆ. 80 ಗ್ರಾಂ ವೈರು ತೂಗಿಸಿ ತಂದಾಗಿದೆ. ಜಾಗವನ್ನು ಅಪ್ಪನೇ ತೋರಿಸಿದರು, ಹಳೇ ಕೊಬ್ಬರಿ ಅಟ್ಟದ ಹಿಂದೆ, ಟಿಲ್ಲರ್ ಹೋಗದ ಕಡೆ.